ಬಚ್ಚಲದ ಹೊಗೆಗೊಂದು ದಾರಿ ಇರಲಿ

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಸಂಕೇಶ್ವರದ ಹತ್ತಿರ ಪೂರ್ವಕ್ಕೆ ತಿರುಗಿದರೆ ಹುಕ್ಕೇರಿ. ಮುಂದೆ ಘಟಪ್ರಭಾ, ಅಲ್ಲಿಂದ ಗೋಕಾಕ. ಗೋಕಾಕದಿಂದ ಇನ್ನಷ್ಟು ಮೇಲಕ್ಕೆ ಹೋದರೆ ಮೂಡಲಗಿ. ಈ ದಾರಿಯಲ್ಲಿ ಬರುವವರು ಸಾಮಾನ್ಯವಾಗಿ ಗೋಕಾಕ ಫಾಲ್ಸ್ ನೋಡ್ತಾರೆ, ತೂಗುಸೇತುವೆ ಮೇಲೆ ನಿಂತು ಸೆಲ್ಫಿ ತಗೋತಾರೆ, ಕರದಂಟಿನ ಡಬ್ಬಿ ಕಟ್ಟಿಸಿಕೊಂಡು ಹೋಗ್ತಾರೆ. ಅದೆಲ್ಲ ಆಗಲಿ. ಆದರೆ ಡಿಸೆಂಬರಿನಲ್ಲಿ ಬಂದರೆ ಒಂದು ದಿನ ನಸುಕಿನ ಆರಕ್ಕೆ ಎದ್ದು ಮನೆಗಳ ಹಿತ್ತಲ ಕಡೆ ನೋಡಿ. ಈ ಊರುಗಳ ಇನ್ನೊಂದು ಮುಖ ಅಲ್ಲಿ ಕಾಣುತ್ತೆ.

ಹಿತ್ತಲಿಂದ ಹಿತ್ತಲಿಗೆ ತೆಳ್ಳಗೆ ಹೊಗೆ. ಕಬ್ಬಿನ ರವದಿ, ಹತ್ತಿ ಕಟ್ಟಿಗೆ, ಗೊಂಜಾಳದ ಬೆಂಡು, ಕುಳ್ಳು, ಏನು ಸಿಗುತ್ತೋ ಅದು ಒಲೆಗೆ. ಮೇಲೆ ತಾಮ್ರದ ಹಂಡೆ ಇಲ್ಲವೇ ಬಂಬ. ಮನೆಯಲ್ಲಿ ದಿನದ ಮೊದಲ ಮಾತು, "ನೀರ ಕಾದಾವೇನ್?" ನಮ್ಮ ಕಡೆ ಚಳಿಗೆ ಯಾರೂ ಕೋಣೆ ಬೆಚ್ಚಗೆ ಮಾಡೋದಿಲ್ಲ, ಜಳಕದ ನೀರು ಬೆಚ್ಚಗಿದ್ದರೆ ಸಾಕು.

ಚಳಿ ದೇಶಗಳಲ್ಲಿ ಇಡೀ ಮನೆಯನ್ನೇ ಕಾಯಿಸ್ತಾರೆ. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿರುವ ನಿಮ್ಮ ಗೆಳೆಯರನ್ನು ಕೇಳಿ. ಅಲ್ಲಿ ಎಷ್ಟೋ ಮನೆಗಳ ನೆಲಮಾಳಿಗೆಯಲ್ಲಿ ಎಣ್ಣೆಯ ಟ್ಯಾಂಕು, ಪಕ್ಕದಲ್ಲಿ ಎಣ್ಣೆ ಉರಿಸುವ ಯಂತ್ರ, ಅದಕ್ಕೊಂದು ಚಿಮಣಿ ಇರುತ್ತೆ. ಚಳಿಗಾಲಕ್ಕೆ ಮೊದಲು ವರ್ಷಕ್ಕೊಮ್ಮೆ ಮೆಕ್ಯಾನಿಕ್ ಬಂದು ನೋಡಿ ಹೋಗ್ತಾನೆ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹಿಮ ಬಿದ್ದು ಹೊಗೆದಾರಿ ಮುಚ್ಚಿ ಏಳು ವರ್ಷದ ಹುಡುಗಿಯೊಬ್ಬಳು ತೀರಿಕೊಂಡಳು. ಆಮೇಲೆ ಕಾನೂನೇ ಬಂತು. 2006ರಿಂದ ಅಲ್ಲಿ ಇಂಥ ಮನೆಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಡ್ಡಾಯ.

ನಮ್ಮಲ್ಲಿ ಅದೇ ಬೆಂಕಿ ನಾಲ್ಕು ಅಡಿ ಅಗಲದ ಬಚ್ಚಲಲ್ಲಿ ಉರಿಯುತ್ತೆ. ವರ್ಷಕ್ಕೊಮ್ಮೆ ಅದನ್ನು ನೋಡೋರು ಯಾರೂ ಇಲ್ಲ.

ಹುಕ್ಕೇರಿ: ಸಂಘದ ಕರೆಂಟು, ಬಕೆಟ್ಟಿನ ಲೆಕ್ಕ

ಹುಕ್ಕೇರಿಗೆ ಒಂದು ವಿಶೇಷ ಇದೆ. ರಾಜ್ಯದ ಉಳಿದ ಕಡೆ ಬೆಸ್ಕಾಂ, ಹೆಸ್ಕಾಂನಂಥ ಕಂಪನಿಗಳು ಮನೆಗೆ ಕರೆಂಟ್ ಕೊಟ್ಟರೆ ಇಲ್ಲಿ ಆ ಕೆಲಸ ಸಹಕಾರಿ ಸಂಘದ್ದು. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಶುರುವಾದದ್ದು 1969ರಲ್ಲಿ. ಹೀಗಾಗಿ ಈ ತಾಲೂಕಿನ ಜನ ಕರೆಂಟಿನ ವಿಷಯಕ್ಕೆ "ನಮ್ಮ ಸೊಸೈಟಿ" ಅಂತ ಮಾತಾಡ್ತಾರೆ.

ಇಲ್ಲಿನ ಬಚ್ಚಲಲ್ಲಿ ಹೆಚ್ಚು ಕಾಣೋದು ನೀರು ಕಾಯಿಸೋ ರಾಡ್ ಮತ್ತು ಗೋಡೆಯ ಗೀಸರ್. ಒಂದು ಲೆಕ್ಕ ನೆನಪಿಡಿ. 20 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸೋಕೆ ಸುಮಾರು 0.6 ಯೂನಿಟ್ ಬೇಕು. 1500 ವ್ಯಾಟಿನ ರಾಡ್ ಆದರೆ 25 ನಿಮಿಷ. ನಾಲ್ಕು ಜನ, ತಲೆಗೊಂದು ಬಕೆಟ್ ಅಂದರೆ ತಿಂಗಳಿಗೆ 70 ಯೂನಿಟ್ಟಿನ ಆಸುಪಾಸು. ಗೃಹಜ್ಯೋತಿಯ ಗರಿಷ್ಠ ಮಿತಿ 200 ಯೂನಿಟ್, ಅದನ್ನು ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅಂದರೆ ಚಳಿಗಾಲದ ಬಿಲ್ಲು ಯಾವ ಕಡೆ ವಾಲುತ್ತೆ ಅನ್ನೋದನ್ನು ಎಷ್ಟೋ ಮನೆಗಳಲ್ಲಿ ಬಚ್ಚಲೇ ತೀರ್ಮಾನ ಮಾಡುತ್ತೆ.

ಉಳಿತಾಯದ ದಾರಿ ಸುಲಭ. ಗೀಸರನ್ನು ದಿನವಿಡೀ ಹಚ್ಚಿಡಬೇಡಿ, ಜಳಕಕ್ಕೆ ಇಪ್ಪತ್ತು ನಿಮಿಷ ಮೊದಲು ಹಚ್ಚಿದರೆ ಸಾಕು. ಥರ್ಮೋಸ್ಟಾಟ್ 50-55ಕ್ಕಿರಲಿ. 70ಕ್ಕೆ ಕಾಯಿಸಿ ಮತ್ತೆ ತಣ್ಣೀರು ಬೆರೆಸೋದರಲ್ಲಿ ಲಾಭ ಏನೂ ಇಲ್ಲ.

ಸುರಕ್ಷತೆಗೆ ಬಂದರೆ ರಾಡ್ ಸ್ವಲ್ಪ ಹೆದರಬೇಕಾದ ಸಾಮಾನು. ಮೊದಲು ರಾಡನ್ನು ನೀರಲ್ಲಿ ಇಳಿಸಿ, ಗುರುತಿನ ತನಕ ನೀರಿದೆಯಾ ನೋಡಿ, ಆಮೇಲೆ ಸ್ವಿಚ್. ಬಿಸಿ ಆಯ್ತೋ ಇಲ್ಲೋ ಅಂತ ನೋಡೋಕೆ ಬೆರಳು ಅದ್ದೋ ಮೊದಲು ಸ್ವಿಚ್ ಆರಿಸಿ, ಪ್ಲಗ್ ಕೀಳಿ. ಕಬ್ಬಿಣದ ಬಕೆಟ್ ಬೇಡ. ಹಳೇ ಮನೆಗಳ ವೈರಿಂಗಿನಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತೆ, ಆದರೆ ಮೂರನೇ ತೂತಿಗೆ ಅರ್ಥಿಂಗ್ ವೈರೇ ಬಂದಿರೋದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ಪರೀಕ್ಷೆ ಮಾಡಿಸಿ, ಜೊತೆಗೆ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ. ಕರೆಂಟು ಮೈಗೆ ಹರಿದರೆ ಕಣ್ಣು ಮಿಟುಕಿಸೋದರೊಳಗೆ ಲೈನು ಕಡಿಯೋದು ಅದೇ.

ಮನೆ ಮೇಲೆ ಸೋಲಾರ್ ಇದ್ದರೆ ಇನ್ನೂ ಒಳ್ಳೇದು. ಮೂರ್ನಾಲ್ಕು ಜನಕ್ಕೆ 100 ಲೀಟರಿನದು ಸಾಕು. ನಳಿಗೆಗಳ ಮುಖ ದಕ್ಷಿಣಕ್ಕಿರಲಿ. ಪಕ್ಕದವರು ಹೊಸದಾಗಿ ಕಟ್ಟಿದ ಮಹಡಿಯ ನೆರಳು ಬೀಳ್ತಿದೆಯಾ ನೋಡಿ. ತಿಂಗಳಿಗೊಮ್ಮೆ ಧೂಳು ತೊಳೆಯಿರಿ. ಹಿಡಕಲ್ ಡ್ಯಾಂ ತುಂಬಿಸುವ ಮಳೆಗಾಲದ ಮೋಡದಲ್ಲಿ ಸೋಲಾರ್ ನೆಚ್ಚಿಕೊಂಡು ಕೂರೋಕಾಗಲ್ಲ, ಆಗಿನ ಮಟ್ಟಿಗೆ ಇನ್ನೊಂದು ವ್ಯವಸ್ಥೆ ಬೇಕೇ ಬೇಕು.

ಗೋಕಾಕ: ನೀಲಿ ಉರಿ, ಮುಚ್ಚಿದ ಕಿಟಕಿ

19ನೇ ಶತಮಾನದ ಕೊನೆಗೇ ಘಟಪ್ರಭೆಯ ನೀರಿನ ಬಲ ಬಳಸಿ ಮಿಲ್ಲು ನಡೆಸಿದ ಊರು ಇದು. 52 ಮೀಟರ್ ಎತ್ತರದಿಂದ ಧುಮುಕುವ ನೀರನ್ನು ಕೆಲಸಕ್ಕೆ ಹಚ್ಚಿದವರಿಗೆ ಒಂದು ಬಕೆಟ್ ನೀರು ಕಾಯಿಸೋದು ದೊಡ್ಡ ಮಾತೇ? ಆದರೂ ಈಗಿನ ಗೋಕಾಕದಲ್ಲಿ, ಹಳೇ ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ, ಅಪಾಯ ಅಡಗಿರೋದು ಇಲ್ಲೇ.

ಹಳೇ ಮಾಳಿಗೆ ಮನೆಗಳನ್ನು ನೋಡಿ. ಎಷ್ಟೋ ಕಡೆ ಬಚ್ಚಲ ಒಲೆಯ ಬಾಯಿ ಹಿತ್ತಲಿಗೆ, ಹಂಡೆ ಮಾತ್ರ ಒಳಗೆ. ಒಲೆ ಒಳಗೇ ಇದ್ದರೆ ಮೇಲೆ ಬೆಳಕಿಂಡಿ, ಬಾಗಿಲು ಹಲಗೆಯದು, ಹಲಗೆ ನಡುವೆ ಸಂದಿ. ಹೊಗೆ ಕಣ್ಣು ಉರಿಸ್ತಿತ್ತು, ಅದಕ್ಕೇ ಅದಕ್ಕೊಂದು ದಾರಿ ಮಾಡಿದ್ರು. ಈಗ ಆ ಮನೆ ಕೆಡವಿ ಆರ್‌ಸಿಸಿ ಆಯ್ತು. ಬಚ್ಚಲಿಗೆ ಟೈಲ್ಸ್ ಬಂತು, ಫೈಬರ್ ಬಾಗಿಲು ಬಂತು, ಸಣ್ಣ ಕಿಟಕಿಗೆ ಗಾಜು ಬಂತು. ಒಲೆ ಹೋದ ಜಾಗಕ್ಕೆ ಗ್ಯಾಸ್ ಗೀಸರ್ ಬಂತು. ಗ್ಯಾಸಿನ ಉರಿ ಕಣ್ಣು ಉರಿಸೋದಿಲ್ಲ, ಹಾಗಾಗಿ ಅದಕ್ಕೂ ದಾರಿ ಬೇಕು ಅನ್ನೋದು ಯಾರ ತಲೆಗೂ ಹೊಳೆಯಲಿಲ್ಲ.

ವಿಜ್ಞಾನ ಸರಳ. ಉರಿಗೆ ಗಾಳಿ ಬೇಕು. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಇಳೀತಾ ಬಂದ ಹಾಗೆ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಮೊದಲು ತಲೆಭಾರ, ಆಮೇಲೆ ತಲೆಸುತ್ತು, ವಾಕರಿಕೆ. "ಬಿಸಿನೀರಿಗೆ ಹಿಂಗಾಗೈತಿ" ಅಂದುಕೊಳ್ಳೋದರೊಳಗೆ ಕೈಕಾಲಿನ ಶಕ್ತಿ ಹೋಗಿರುತ್ತೆ, ಚಿಲಕ ತೆಗೆಯೋಕೂ ಆಗೋದಿಲ್ಲ. ಪ್ರತಿ ಚಳಿಗಾಲ ಪೇಪರಿನಲ್ಲಿ ನಾವು ಓದೋ "ಸ್ನಾನಕ್ಕೆ ಹೋದವರು ಹೊರಬರಲಿಲ್ಲ" ಅನ್ನೋ ಸುದ್ದಿಗಳ ಹಿಂದೆ ಎಷ್ಟೋ ಸಲ ಇರೋದು ಇದೇ.

ಈ ಮಾತು ಊರಲ್ಲಿರೋರಿಗಿಂತ ಹೆಚ್ಚು ನಮಗೆ ಹೇಳಬೇಕು. ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತು, "ಅವ್ವ ಇನ್ನ ಮುಂದ ಉರಿ ಊದೂದು ಬ್ಯಾಡ" ಅಂತ ಫೋನಿನಲ್ಲೇ ಗ್ಯಾಸ್ ಗೀಸರ್ ಆರ್ಡರ್ ಮಾಡೋರು ನಾವು. ಪ್ರೀತಿಯಿಂದಲೇ ಮಾಡ್ತೀವಿ. ಆದರೆ ಬಾಕ್ಸ್ ಮನೆ ಮುಟ್ಟಿದ ಮೇಲೆ ಅದು ಯಾವ ಗೋಡೆಗೆ ಕೂತಿತು ಅಂತ ಕೇಳೋದಿಲ್ಲ.

ಕೇಳಬೇಕಾದ್ದು ಇಷ್ಟು. ಗೀಸರ್ ಮತ್ತು ಸಿಲಿಂಡರ್ ಎರಡೂ ಬಚ್ಚಲದ ಹೊರಗೆ, ಗಾಳಿಯಾಡುವ ಜಾಗದಲ್ಲಿರಲಿ. ಒಳಗೆ ಬರಬೇಕಾದ್ದು ಬಿಸಿನೀರಿನ ಪೈಪು ಮಾತ್ರ. ಈಗಾಗಲೇ ಒಳಗೆ ಕೂರಿಸಿದ್ದರೆ ಹೊರಗೆ ಹಾಕಿಸಿ. ಅದಕ್ಕೆ ತಗಲೋದು ಒಂದಿಷ್ಟು ಪೈಪು, ಪ್ಲಂಬರಿನ ಒಂದು ದಿನದ ಕೂಲಿ. ಹೊರಗೆ ಹಾಕಿಸೋ ತನಕ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿಕೊಳ್ಳಲಿ, ಗೀಸರ್ ಆರಿಸಲಿ, ಆಮೇಲೆ ಜಳಕ ಮಾಡಲಿ. ಒಬ್ಬರ ಹಿಂದೊಬ್ಬರು ಜಳಕಕ್ಕೆ ನುಗ್ಗೋದು ಬೇಡ, ನಡುವೆ ಸ್ವಲ್ಪ ಹೊತ್ತು ಗಾಳಿ ಓಡಾಡಲಿ. ಕೆಳಗೊಂದು, ಮೇಲೊಂದು ಮುಚ್ಚದ ಜಾಲರಿ ಇರಲಿ. ಬಾಗಿಲಿಗೆ ಹೊರಗಿನಿಂದಲೂ ತೆಗೆಯೋಕಾಗುವ ಚಿಲಕ ಇರಲಿ.

ಉರಿಯ ಬಣ್ಣವೂ ಮಾತಾಡುತ್ತೆ. ನೀಲಿ ಇದ್ದರೆ ಸರಿ. ಹಳದಿಗೆ ತಿರುಗಿದರೆ, ಗೀಸರಿನ ಮೈಗೆ ಮಸಿ ಹಿಡಿದರೆ ಸರ್ವಿಸ್ ಆಗೋ ತನಕ ಹಚ್ಚಬೇಡಿ. ಹೊಸದು ಕೊಳ್ಳುವಾಗ ಐಎಸ್ 15558 ಅನ್ನೋ ಸಂಖ್ಯೆಯ ಜೊತೆ ಐಎಸ್ಐ ಗುರುತು ನೋಡಿ. ಗ್ಯಾಸಿನ ರಬ್ಬರ್ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಿ. ಗ್ಯಾಸ್ ಸೋರಿಕೆಗೆ 1906, ಆಂಬುಲೆನ್ಸ್‌ಗೆ 108. ಎರಡೂ ನಂಬರನ್ನು ಅಡುಗೆಮನೆ ಗೋಡೆಗೆ ಬರೆದು ಅಂಟಿಸಿ. ಯಾರಾದರೂ ಬಚ್ಚಲಲ್ಲಿ ಬಿದ್ದಿದ್ದರೆ ಮೊದಲು ಬಾಗಿಲು ತೆರೆದು, ಗ್ಯಾಸ್ ಬಂದ್ ಮಾಡಿ, ಅವರನ್ನು ಬಯಲು ಗಾಳಿಗೆ ತನ್ನಿ. ನೀವೂ ಒಳಗೆ ಹೆಚ್ಚು ಹೊತ್ತು ನಿಲ್ಲಬೇಡಿ.

ಖರ್ಚಿನ ದೃಷ್ಟಿಯಿಂದ ಗ್ಯಾಸ್ ಕೆಟ್ಟದ್ದಲ್ಲ. 14.2 ಕಿಲೋ ಸಿಲಿಂಡರಿನಲ್ಲಿ ಸುಮಾರು 250 ಬಕೆಟ್ ನೀರು ಕಾಯುತ್ತೆ. ನಾಲ್ಕು ಜನರ ಮನೆಗೆ ತಿಂಗಳಿಗೆ ಅರ್ಧ ಸಿಲಿಂಡರ್. ಅದನ್ನು ಗೋಡೆಯ ಯಾವ ಬದಿಗೆ ಉರಿಸ್ತೀವಿ ಅನ್ನೋದೇ ಪ್ರಶ್ನೆ.

ಗೋಕಾಕದವರಿಗೆ ಇನ್ನೊಂದು ಮಾತು. 2019ರ ಆಗಸ್ಟಿನಲ್ಲಿ ಘಟಪ್ರಭೆ ಊರೊಳಗೆ ಬಂದದ್ದು ಇಲ್ಲಿ ಯಾರೂ ಮರೆತಿಲ್ಲ. ನೆರೆ ನೀರಲ್ಲಿ ಮುಳುಗಿದ ಗೀಸರ್, ಸಾಕೆಟ್, ರೆಗ್ಯುಲೇಟರ್ ಬಿಸಿಲಿಗೆ ಒಣಗಿದ ಮಾತ್ರಕ್ಕೆ ಸರಿಹೋಗೋದಿಲ್ಲ. ಒಳಗೆ ರಾಡಿ ಕೂತಿರುತ್ತೆ. ತಿಳಿದವರು ನೋಡೋ ತನಕ ಹಚ್ಚಬೇಡಿ.

ಮೂಡಲಗಿ: ರವದಿ ಉರಿ, ಸವಳು ನೀರು

ಮೂಡಲಗಿ ಇತ್ತೀಚಿನ ತನಕ ಗೋಕಾಕ ತಾಲೂಕಿನೊಳಗೇ ಇತ್ತು, ಈಗ ಅದೇ ತಾಲೂಕು. ಕಪ್ಪು ಮಣ್ಣು, ಕಾಲುವೆ ನೀರು, ಕಣ್ಣು ಹಾಯಿಸಿದಷ್ಟು ದೂರ ಕಬ್ಬು. ಹೊಲದಲ್ಲಿ ಉರುವಲು ಬಿದ್ದಿರುವಾಗ ಸಿಲಿಂಡರಿಗೆ ದುಡ್ಡು ಯಾಕೆ ಅನ್ನೋದು ಇಲ್ಲಿನ ಲೆಕ್ಕ. ತಪ್ಪೇನಿಲ್ಲ. ಹಂಡೆ ಚೆನ್ನಾಗಿಟ್ಟರೆ ಮೂರು ತಲೆಮಾರು ಬಾಳುತ್ತೆ.

ಬೆಲ್ಲದ ಗಾಣ ನೋಡಿದವರಿಗೆ ಗೊತ್ತು, ಕೊಪ್ಪರಿಗೆ ಕೆಳಗಿನ ಒಲೆಗೆ ಚಿಮಣಿ ಎಳೆತ ಸರಿ ಇಲ್ಲದಿದ್ದರೆ ಉರಿಯೇ ಹತ್ತೋದಿಲ್ಲ. ಮನೆ ಒಲೆಗೂ ಅದೇ ನಿಯಮ. ಬೂದಿ ದಿನಾ ತೆಗೆಯಿರಿ, ಕೆಳಗಿನಿಂದ ಗಾಳಿ ಹೋಗಲಿ. ಹಂಡೆ ತಳದ ಮಸಿ ವಾರಕ್ಕೊಮ್ಮೆ ಕೆರೆಯಿರಿ, ಮಸಿ ದಪ್ಪಾದಷ್ಟು ಉರುವಲು ಹೆಚ್ಚು ಬೇಕು. ಬಂಬ ಆದರೆ ನೀರು ತುಂಬಿಸಿದ ಮೇಲೇ ಬೆಂಕಿ, ಖಾಲಿ ಬಂಬ ಕಾದರೆ ಬೆಸುಗೆ ಬಿಡುತ್ತೆ. ಉರಿ ಹತ್ತಿಸೋಕೆ ಪ್ಲಾಸ್ಟಿಕ್ ಚೀಲ, ಹಳೇ ಚಪ್ಪಲಿ ಹಾಕೋ ರೂಢಿ ಬಿಟ್ಟುಬಿಡಿ. ಆ ಹೊಗೆ ಮೊದಲು ಹೋಗೋದು ಒಲೆ ಮುಂದೆ ಕೂತವರ ಎದೆಗೆ, ಅವರು ಬಹುತೇಕ ಮನೆಯ ಹೆಂಗಸರೇ.

ಇಲ್ಲಿ ಗೀಸರ್ ಹಾಕಿಸಿದವರ ದೂರು ಬೇರೆ. "ಎರಡ ವರ್ಷದಾಗ ಕಾಯಿಲ್ ಹೋತ್ರಿ." ಕಾರಣ ಬೋರ್‌ವೆಲ್ಲಿನ ಸವಳು ನೀರು. ಗಡಸು ನೀರು ಕಾದಾಗ ಅದರಲ್ಲಿನ ಸುಣ್ಣ ಕಾಯಿಲ್ ಮೇಲೆ ಬಿಳಿ ಹೊಪ್ಪಳಿಕೆಯಾಗಿ ಕೂರುತ್ತೆ. ಆಮೇಲೆ ನೀರು ನಿಧಾನ ಕಾಯುತ್ತೆ, ಕರೆಂಟ್ ಜಾಸ್ತಿ ತಿನ್ನುತ್ತೆ, ಕೊನೆಗೆ ಕಾಯಿಲ್ ಸುಡುತ್ತೆ. ಉಷ್ಣತೆ ಕಡಿಮೆ ಇಟ್ಟರೆ ಹೊಪ್ಪಳಿಕೆಯೂ ಕಡಿಮೆ. ವರ್ಷಕ್ಕೊಮ್ಮೆ ಟ್ಯಾಂಕ್ ಬಿಚ್ಚಿಸಿ ತೊಳೆಸಿ, ಒಳಗಿನ ಆನೋಡ್ ರಾಡ್ ಸವೆದಿದ್ದರೆ ಬದಲಿಸಿ. ಅದು ತಾನು ಸವೆದು ಟ್ಯಾಂಕ್ ಉಳಿಸುತ್ತೆ. ಸುರಕ್ಷತಾ ವಾಲ್ವ್‌ಗೆ ಸುಣ್ಣ ಕಟ್ಟಿದೆಯಾ ನೋಡಿಸಿ, ಒತ್ತಡ ಹೊರಗೆ ಹೋಗುವ ದಾರಿ ಅದೊಂದೇ. ಬಕೆಟ್ಟಿನ ರಾಡ್ ಆದರೆ ಪ್ಲಗ್ ಕಿತ್ತು, ತಣ್ಣಗಾದ ಮೇಲೆ, ಲಿಂಬೆಹುಳಿ ಬೆರೆಸಿದ ನೀರಲ್ಲಿ ನೆನೆಯಿಟ್ಟು ಉಜ್ಜಿದರೆ ಸಾಕು. ಸೋಲಾರ್ ನಳಿಗೆಗಳಿಗೂ ವರ್ಷಕ್ಕೊಮ್ಮೆ ಈ ಶುಚಿ ಬೇಕು.

ಈ ಮೂರು ಊರುಗಳಲ್ಲಿ ಯಾವುದು ಸರಿ ಅಂತ ಕೇಳಿದರೆ ಒಂದೇ ಉತ್ತರ ಇಲ್ಲ. ಹೊಲ ಇದ್ದವರಿಗೆ ಹಂಡೆ, ಮಾಳಿಗೆ ಮೇಲೆ ಬಿಸಿಲಿದ್ದವರಿಗೆ ಸೋಲಾರ್, ಹಿತ್ತಲಿದ್ದವರಿಗೆ ಹೊರಗೋಡೆಯ ಗ್ಯಾಸ್, ಅರ್ಥಿಂಗ್ ಗಟ್ಟಿ ಇದ್ದವರಿಗೆ ಕರೆಂಟು. ಏನೇ ಇರಲಿ, ದೀಪಾವಳಿಯ ಎಣ್ಣೆ ಜಳಕಕ್ಕೆ ಮೊದಲು ಹಂಡೆ ತಿಕ್ಕಿ ಬೆಳಗೋ ರೂಢಿ ನಮ್ಮಲ್ಲಿ ಮೊದಲಿಂದಲೂ ಇದೆ. ನೀರು ತುಂಬುವ ಹಬ್ಬ ಅಂತಲೇ ಅದಕ್ಕೆ ಹೆಸರು. ಅದೇ ದಿನವನ್ನು ಗೀಸರಿನ ಸರ್ವಿಸಿಗೂ ಗೊತ್ತು ಮಾಡಿಕೊಂಡರೆ ಬೇರೆ ರಿಮೈಂಡರ್ ಬೇಕಾಗಿಲ್ಲ.

ಇವತ್ತು ಸಂಜೆ ಮನೆಗೆ ಫೋನ್ ಮಾಡಿದಾಗ "ಊಟ ಆತೇನ್?" ಅಂದಮೇಲೆ ಇನ್ನೊಂದು ಪ್ರಶ್ನೆ ಸೇರಿಸಿ: "ಗೀಸರ್ ಒಳಗೈತೋ ಹೊರಗೈತೋ?" ವಿಡಿಯೋ ಕಾಲ್‌ನಲ್ಲಿ ಒಮ್ಮೆ ಬಚ್ಚಲದ ಕಿಟಕಿ ತೋರಿಸೋಕೆ ಹೇಳಿ. ಒಳಗಿದೆ ಅಂದರೆ ಈ ವಾರವೇ ಪ್ಲಂಬರಿಗೆ ದುಡ್ಡು ಕಳಿಸಿ, ಚಳಿಗಾಲ ಮುಗಿಯೋ ತನಕ ಕಾಯಬೇಡಿ.