ನಾಗಲಮಡಿಕೆಯಲ್ಲಿ ಅಕ್ಕ ಶನಿಯನ್ನು ಕಂಡಳು

ತುಮಕೂರಿನಿಂದ ಪಾವಗಡದ ಬಸ್ಸು ಹತ್ತಿ, ಮಧುಗಿರಿಯ ಏಕಶಿಲಾ ಬೆಟ್ಟವನ್ನು ದಾಟಿ ಹೊರಟರೆ ಬಂಡೆಗುಡ್ಡಗಳು ದಾರಿಯುದ್ದಕ್ಕೂ ಜೊತೆಗೇ ಬರುತ್ತವೆ. ಪಾವಗಡ ತಾಲ್ಲೂಕು ನಮ್ಮ ರಾಜ್ಯದ್ದೇ ಆದರೂ ಅದರ ಸುತ್ತ ಬಹುಪಾಲು ಆಂಧ್ರಪ್ರದೇಶ. ಸಂತೆಯಲ್ಲಿ ಕನ್ನಡದಲ್ಲಿ ಶುರುವಾದ ಚೌಕಾಸಿ ತೆಲುಗಿನಲ್ಲಿ ಮುಗಿಯುವುದೂ ಉಂಟು. ಪಾವಗಡದಲ್ಲಿ ಹೆಸರಾಂತ ಶನಿಮಹಾತ್ಮನ ದೇವಸ್ಥಾನವಿದೆ. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದರೆ ಉತ್ತರ ಪಿನಾಕಿನಿಯ ದಡದ ನಾಗಲಮಡಿಕೆ.

ಕುಕ್ಕೆ ಆದಿ ಸುಬ್ರಹ್ಮಣ್ಯ, ಘಾಟಿ ಮಧ್ಯ ಸುಬ್ರಹ್ಮಣ್ಯ, ನಾಗಲಮಡಿಕೆ ಅಂತ್ಯ ಸುಬ್ರಹ್ಮಣ್ಯ ಎಂಬುದು ಭಕ್ತರ ಮಾತು. ಈ ಸೀಮೆಯಲ್ಲಿ ನೇಗಿಲಿಗೆ ಮಡಿಕೆ ಎನ್ನುತ್ತಾರೆ. ಉಳುವಾಗ ಮಡಿಕೆಗೆ ನಾಗಶಿಲೆ ತಗುಲಿದ್ದರಿಂದ ಊರಿಗೆ ಈ ಹೆಸರು ಬಂತೆಂದು ಹಿರಿಯರು ಕತೆ ಹೇಳುತ್ತಾರೆ.

ಮಳೆ ಕಡಿಮೆಯಾದ ಊರಿಗೆ ಆಕಾಶವೇ ಆಸ್ತಿ. ಇದೇ ಹೋಬಳಿಯ ತಿರುಮಣಿ, ಬಳಸಮುದ್ರ ಮೊದಲಾದ ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಹಗಲು ಅಷ್ಟು ಬಿಸಿಲು ಕೊಡುವ ಆಕಾಶ ರಾತ್ರಿ ನಕ್ಷತ್ರಗಳನ್ನೂ ಧಾರಾಳವಾಗಿ ಕೊಡುತ್ತದೆ.

ನನ್ನ ಅಕ್ಕ ಇರುವುದು ಈ ಊರಿನಲ್ಲೇ. ಎಂಬತ್ತು ದಾಟಿದೆ, ದಪ್ಪ ಕನ್ನಡಕ. ಶ್ರಾವಣ ಶನಿವಾರ ಬಂದರೆ ಪಾವಗಡಕ್ಕೆ ಹೋಗಿ ಎಳ್ಳೆಣ್ಣೆ ದೀಪ ಹಚ್ಚುವುದನ್ನು ಈಗಲೂ ತಪ್ಪಿಸುವುದಿಲ್ಲ. 2025ರ ದೀಪಾವಳಿ ರಜೆಯಲ್ಲಿ ಏಳನೇ ತರಗತಿಯ ಮೊಮ್ಮಗನೂ ನಾನೂ ಟೆಲಿಸ್ಕೋಪು ಹೊತ್ತು ಅಲ್ಲಿಗೆ ಹೋದೆವು. ಒಂದು ರಾತ್ರಿ ಮೋಡ ಸರಿಯಿತು. ಅಕ್ಕನ ಮನೆಯ ತಾರಸಿಯಲ್ಲಿ ಪಕ್ಕದ ಮನೆಯ ಮಕ್ಕಳೂ ಸಾಲಾಗಿ ನಿಂತು ಶನಿಗ್ರಹವನ್ನು ನೋಡಿದರು. ಕೊನೆಗೆ ಅಕ್ಕ ಬಗ್ಗಿದಳು. ಕನ್ನಡಕ ಕೊಳವೆಗೆ ಟಕ್ಕೆಂದು ತಗುಲಿತು.

“ಕಾಣಿಸ್ತಾ ಅಜ್ಜಿ?”

“ಕಾಣಿಸ್ತು ಕಣೋ.”

“ಉಂಗುರ ಹೆಂಗಿತ್ತು?”

ಅಕ್ಕ ನಕ್ಕು ಕೆಳಗಿಳಿದು ಹೋದಳು. ಅವಳಿಗೆ ಏನೂ ಕಂಡಿರಲಿಲ್ಲ ಎಂದು ನನಗೂ ಹುಡುಗನಿಗೂ ಗೊತ್ತಾಯಿತು.

ಮಕ್ಕಳೇ, ಟೆಲಿಸ್ಕೋಪಿನಲ್ಲಿ ಎರಡು ಭಾಗ. ದೊಡ್ಡ ಕನ್ನಡಿ ಅಥವಾ ಮಸೂರ ಬೆಳಕನ್ನು ಕೂಡಿಸುತ್ತದೆ. ನಾವು ಕಣ್ಣಿಡುವ ಪುಟ್ಟ ಕೊಳವೆ ಆ ಚಿತ್ರವನ್ನು ದೊಡ್ಡದು ಮಾಡಿ ತೋರಿಸುತ್ತದೆ. ಇದೇ ಐಪೀಸ್. ಇದನ್ನು ಕಳಚಿ ಬೇರೆ ಹಾಕಬಹುದು. ನಮ್ಮ ಟೆಲಿಸ್ಕೋಪಿನ ಕನ್ನಡಿ 130 ಮಿಲಿಮೀಟರ್ ಅಗಲ, ನಾಭಿದೂರ 650 ಮಿಲಿಮೀಟರ್. ಜೊತೆಗೆ ಬಂದಿದ್ದವು 25 ಮತ್ತು 10 ಮಿಲಿಮೀಟರಿನ ಎರಡು ಐಪೀಸು. 650ನ್ನು 25ರಿಂದ ಭಾಗಿಸಿದರೆ 26 ಪಟ್ಟು, 10ರಿಂದ ಭಾಗಿಸಿದರೆ 65 ಪಟ್ಟು. ಐಪೀಸಿನ ಅಂಕಿ ಸಣ್ಣದಾದಷ್ಟೂ ಚಿತ್ರ ದೊಡ್ಡದು.

“ಹಂಗಾದ್ರೆ 4 ಮಿಲಿಮೀಟರಿಂದು ತಗೊಳ್ಳೋಣ ತಾತ, 162 ಪಟ್ಟು ಬರುತ್ತೆ. ಅಜ್ಜಿಗೆ ದೊಡ್ಡದಾಗಿ ಕಾಣುತ್ತೆ” ಅಂದ ಹುಡುಗ. ಮಾತೇನೋ ಸರಿಯೆನಿಸುತ್ತದೆ. ಆದರೆ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಜಮೆಯ ಪಕ್ಕದಲ್ಲೇ ಖರ್ಚನ್ನೂ ಬರೆಯುವ ಅಭ್ಯಾಸ. ಇಬ್ಬರೂ ನೋಟ್‌ಪುಸ್ತಕ ತೆಗೆದು ಕೂತೆವು.

ಮೊದಲ ಖರ್ಚು, ಕಣ್ಣಿನ ಅಂತರ. ಪೂರ್ತಿ ಚಿತ್ರ ಕಾಣಬೇಕಾದರೆ ಕಣ್ಣು ಐಪೀಸಿನಿಂದ ಇಂತಿಷ್ಟೇ ದೂರದಲ್ಲಿರಬೇಕು. ಇದಕ್ಕೆ ಐ ರಿಲೀಫ್ ಎನ್ನುತ್ತಾರೆ. ವಿಯೆನ್ನಾದ ಪ್ಲಾಸಲ್ 1860ರಲ್ಲಿ ಮಾಡಿದ ಮಾದರಿಯ ಐಪೀಸುಗಳು ಇಂದಿಗೂ ಎಲ್ಲೆಡೆ ಸಿಗುತ್ತವೆ. ಅವುಗಳಲ್ಲಿ 10 ಮಿಲಿಮೀಟರಿನದಕ್ಕೆ ಈ ಅಂತರ ಸುಮಾರು 7 ಮಿಲಿಮೀಟರ್, 4ರದಕ್ಕೆ ಸುಮಾರು 3. ಕನ್ನಡಕದ ಗಾಜೇ ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರ ಇರುತ್ತದೆ. ಇನ್ನು ಅಕ್ಕನಿಗೆ ಕಾಣುವುದೆಲ್ಲಿ? ಬರೀ ದೂರದೃಷ್ಟಿ, ಸಮೀಪದೃಷ್ಟಿ ಇರುವವರು ಕನ್ನಡಕ ತೆಗೆದು ಫೋಕಸ್ ತಿರುಗಿಸಿಕೊಂಡರೆ ಸಾಕು. ಅಕ್ಕನದು ಅಡ್ಡ ಪವರಿನ ಕನ್ನಡಕ. ಆ ದೋಷ ಫೋಕಸ್ಸಿನಿಂದ ಹೋಗುವುದಿಲ್ಲ.

ಎರಡನೆಯ ಖರ್ಚು, ಸಮಯ. ಭೂಮಿ ತಿರುಗುವುದರಿಂದ ಆಕಾಶ 4 ನಿಮಿಷಕ್ಕೆ 1 ಡಿಗ್ರಿ ಸರಿಯುತ್ತದೆ. ಅದರ ಹಿಂದೆ ತಾನಾಗಿಯೇ ತಿರುಗುವ ಮೋಟಾರು ನಮ್ಮ ಟೆಲಿಸ್ಕೋಪಿಗಿಲ್ಲ. 4 ಮಿಲಿಮೀಟರಿನದರಲ್ಲಿ ಕಾಣುವ ಆಕಾಶ 0.31 ಡಿಗ್ರಿ ಅಗಲ ಮಾತ್ರ. ಒಂದೂಕಾಲು ನಿಮಿಷದಲ್ಲಿ ಶನಿ ಆಚೆ ಹೋಗಿರುತ್ತಾನೆ. ಅಜ್ಜಿ ಸೆರಗು ಸರಿಮಾಡಿಕೊಂಡು, ಬಗ್ಗಿ, ಕಣ್ಣಿಡುವ ಹೊತ್ತಿಗೆ ಉಳಿಯುವುದು ಬರೀ ಕತ್ತಲೆ.

ಮೂರನೆಯದು ಪಾವಗಡದ ಬಂಡೆಗಳ ಬಾಬ್ತು. ಹಗಲೆಲ್ಲ ಕಾದ ಬಂಡೆ ಸಂಜೆ ಬಿಸಿ ಬಿಡುತ್ತದೆ. ಒಲೆಯ ಮೇಲಿನ ಗಾಳಿಯಂತೆ ಆಕಾಶ ನಡುಗುತ್ತದೆ. ಚಿತ್ರ ದೊಡ್ಡದಾದರೆ ಆ ನಡುಕವೂ ದೊಡ್ಡದಾಗುತ್ತದೆ.

ಲೆಕ್ಕ ಮುಗಿಸಿ ನಾವು ಕೊಂಡದ್ದು 9 ಮಿಲಿಮೀಟರಿನ ಐಪೀಸು. ಕಣ್ಣಿನ ಅಂತರ 16 ಮಿಲಿಮೀಟರ್, ನೋಟದ ಅಗಲ 60 ಡಿಗ್ರಿ. 72 ಪಟ್ಟು ದೊಡ್ಡದು ಮಾಡಿದರೂ 0.83 ಡಿಗ್ರಿ ಆಕಾಶ ಕಾಣುತ್ತದೆ. ಶನಿ ಒಳಗಿರುವುದು ಮೂರು ನಿಮಿಷಕ್ಕೂ ಹೆಚ್ಚು. ಪಟ್ಟಿನಲ್ಲಿ ಹಳೆಯ 10ರದಕ್ಕಿಂತ ಸ್ವಲ್ಪವೇ ಹೆಚ್ಚು ಎಂದು ಹುಡುಗನ ಮುಖ ಸಪ್ಪಗಾಗಿತ್ತು.

ಸಂಕ್ರಾಂತಿಗೆ ಮತ್ತೆ ಹೋದೆವು. ಕತ್ತಲಾದ ಮೇಲೆ ಪಶ್ಚಿಮದಲ್ಲಿ ಶನಿ ಇದ್ದ. ಈ ಸಲ ಅಕ್ಕನಿಗೇ ಮೊದಲ ಸರದಿ. ಕುರ್ಚಿ ಹಾಕಿ ಕೂರಿಸಿದೆವು, ಕನ್ನಡಕ ತೆಗೆಯಲಿಲ್ಲ. ಸುಮಾರು ಹೊತ್ತು ಮಾತೇ ಇಲ್ಲ. ಆಮೇಲೆ, “ರಾಗಿಕಾಳಿಗೆ ಸೂಜಿ ಚುಚ್ಚಿದಂಗಿದೆ ಕಣೋ” ಅಂದಳು. ಹುಡುಗ ತಾರಸಿಯ ಮೇಲೆ ಕುಣಿದುಬಿಟ್ಟ. ಅವಳು ಹೇಳಿದ್ದು ಅಕ್ಷರಶಃ ನಿಜ. 2025ರ ಮಾರ್ಚಿನಲ್ಲಿ ಶನಿಯ ಉಂಗುರದ ಅಂಚು ನೇರವಾಗಿ ಭೂಮಿಯ ಕಡೆ ತಿರುಗಿತ್ತು. ಸುಮಾರು 15 ವರ್ಷಕ್ಕೊಮ್ಮೆ ಹೀಗಾಗುತ್ತದೆ. ಆದ್ದರಿಂದ ಉಂಗುರ ಆಗ ಇನ್ನೂ ಗೆರೆಯಂತಿತ್ತು. ಬರುವ ವರ್ಷಗಳಲ್ಲಿ ಅದು ಅರಳುತ್ತಾ ಹೋಗುತ್ತದೆ. 1610ರಲ್ಲಿ ಗೆಲಿಲಿಯೊ ಕಂಡಾಗ ಅದು ಉಂಗುರವೆಂದೇ ಆತನಿಗೆ ತಿಳಿಯಲಿಲ್ಲ. ಹಾಲೆಂಡಿನ ಹೈಗನ್ಸ್ 1659ರಲ್ಲಿ ಅದನ್ನು ಉಂಗುರವೆಂದು ವಿವರಿಸಿದ.

ಆಮೇಲೆ ಹಳೆಯ 25ರ ಐಪೀಸು ಹಾಕಿ ನೆತ್ತಿಯ ಮೇಲಿದ್ದ ಕೃತ್ತಿಕೆಯನ್ನು ತೋರಿಸಿದೆ. ಸುಬ್ರಹ್ಮಣ್ಯನಿಗೆ ಹಾಲೂಡಿದ ಆರು ತಾಯಂದಿರೇ ಕೃತ್ತಿಕೆಯರು ಎಂದು ಪುರಾಣ. ಕಾರ್ತಿಕೇಯ ಎಂಬ ಹೆಸರು ಬಂದದ್ದು ಅವರಿಂದಲೇ. ಈ ಗುಂಪಿನ ಮುಖ್ಯ ನಕ್ಷತ್ರಗಳೇ ಸುಮಾರು 1 ಡಿಗ್ರಿ ಅಗಲಕ್ಕೆ ಹರಡಿವೆ. ಹೊಸ ಐಪೀಸಿನಲ್ಲಿ ಎಲ್ಲರೂ ಒಟ್ಟಿಗೆ ಹಿಡಿಯುವುದಿಲ್ಲ. 26 ಪಟ್ಟಿನ ಹಳೆಯದರಲ್ಲಿ ಆರೂ ಜನ ಒಂದೇ ಮನೆಯಲ್ಲಿ ಕೂತಂತೆ ಕಾಣುತ್ತಾರೆ. ಅದರ ಕಣ್ಣಿನ ಅಂತರವೂ ಹೆಚ್ಚು, ಹಾಗಾಗಿ ಅಕ್ಕ ಅದನ್ನೂ ಕನ್ನಡಕದಲ್ಲೇ ನೋಡಿದಳು. ಹೊಸದು ಬಂತೆಂದು ಹಳೆಯದನ್ನು ಎಸೆಯಬೇಡಿ.

ಐಪೀಸು ಕೊಳ್ಳುವ ಮುನ್ನ ಮನೆಯಲ್ಲಿ ಯಾರು ಯಾರು ನೋಡುತ್ತಾರೆ, ಅವರಲ್ಲಿ ಕನ್ನಡಕದವರು ಎಷ್ಟು ಎಂದು ಬರೆದುಕೊಳ್ಳಿ. ಡಬ್ಬದ ಮೇಲಿನ ದೊಡ್ಡ ಅಂಕಿಗಿಂತ ಕಣ್ಣಿನ ಅಂತರವನ್ನೂ ನೋಟದ ಅಗಲವನ್ನೂ ಮೊದಲು ಕೇಳಿ. ಟೆಲಿಸ್ಕೋಪಿನಲ್ಲಿ ಸೂರ್ಯನನ್ನು ಮಾತ್ರ ಎಂದಿಗೂ ನೋಡಬೇಡಿ, ಕ್ಷಣದಲ್ಲಿ ಕಣ್ಣು ಹೋಗುತ್ತದೆ. ನಾಗಲಮಡಿಕೆಗೆ ಹೋಗುವುದಾದರೆ ಶುಕ್ಲ ಷಷ್ಠಿಯೂ ಒಳ್ಳೆಯ ದಿನ. ಅದು ಸುಬ್ರಹ್ಮಣ್ಯನ ತಿಥಿ. ಅಂದು ಅರ್ಧಕ್ಕೂ ಚಿಕ್ಕದಾದ ಚಂದ್ರನ ಅಂಚಿನಲ್ಲಿ ನೆರಳು ಉದ್ದವಾಗಿ ಬಿದ್ದು ಕುಳಿಗಳು ಸೊಗಸಾಗಿ ಕಾಣುತ್ತವೆ. ದರ್ಶನ ಮುಗಿಸಿ, ರಾತ್ರಿಗೂ ಅಲ್ಲೇ ಉಳಿಯಿರಿ.