ಎಳೆದು ಬಿಡುವ ಸುಖ

ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಹೊಸದಾಗಿ ಸೇರುವವರಿಗೆ ಮೊಬೈಲಿನಲ್ಲಿ ಕಲಿಯುವ ಪಾಠ ಮಾಡಿಕೊಡುವುದು ನನ್ನ ಕೆಲಸ. ಅದರಲ್ಲೂ ಚಿತ್ರವನ್ನು ಬೆರಳಲ್ಲಿ ಎಳೆದು ಅದರ ಜಾಗಕ್ಕೆ ಬಿಡುವ ಆಟ ಕಟ್ಟಲು ಕೂತರೆ ನನಗೆ ಊಟ ನಿದ್ದೆಯ ನೆನಪಿರುವುದಿಲ್ಲ. ಓವರ್‌ಲಾಕ್, ಫ್ಲಾಟ್‌ಲಾಕ್ ಹೊಲಿಗೆ ಮೆಷಿನ್ನುಗಳ ಮುಂದೆ ತಮಿಳರ ಪಕ್ಕದಲ್ಲೇ ಒಡಿಶಾ, ಬಿಹಾರ, ಜಾರ್ಖಂಡಿನವರು ಕೂತಿರುತ್ತಾರೆ. ಅಷ್ಟು ಭಾಷೆಗಳಲ್ಲಿ ಬರೆದು ತಿಳಿಸುವುದಕ್ಕಿಂತ ಚಿತ್ರವನ್ನು ಕೈಗೆ ಕೊಡುವುದೇ ಮೇಲು.

ನನಗೆ ಬಹಳ ಇಷ್ಟದ್ದು ಟೀ ಶರ್ಟಿನ ಪಾಠ. ನೂಲು, ನಿಟ್ಟಿಂಗ್, ಡೈಯಿಂಗ್, ಕಾಂಪ್ಯಾಕ್ಟಿಂಗ್, ಕಟಿಂಗ್, ಹೊಲಿಗೆ, ಈ ಚಿತ್ರಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತವೆ. ಸಾಲಾಗಿ ಜೋಡಿಸಬೇಕು. ನೂಲು ಮೊದಲು, ಹೊಲಿಗೆ ಕೊನೆಗೆ ಎಂಬುದು ಯಾರಿಗಾದರೂ ಗೊತ್ತು. ಆಟವಿರುವುದು ನಡುವೆ. ಹೆಣೆದ ಬಟ್ಟೆ ಬಣ್ಣದ ನೀರಲ್ಲಿ ಮುಳುಗಿ, ಹಿಂಡಿಸಿಕೊಂಡು, ಒಣಗಿ ಬರುವಷ್ಟರಲ್ಲಿ ಉದ್ದಕ್ಕೆ ಜಗ್ಗಿಹೋಗಿರುತ್ತದೆ. ಕಾಂಪ್ಯಾಕ್ಟಿಂಗ್ ಮೆಷಿನ್ ಅದನ್ನು ಒತ್ತಿ ಕುಗ್ಗಿಸಿ ಕೂರಿಸುತ್ತದೆ. ಆ ಚಿತ್ರವನ್ನು ಡೈಯಿಂಗಿಗೆ ಮುಂಚೆ ಇಟ್ಟವರಿಗೆ ನಾನು ಕೆಂಪು ಗುರುತು ತೋರಿಸುವುದಿಲ್ಲ. ಕೆಲಸ ಹಾಗೇ ಸಾಗುತ್ತದೆ, ಶರ್ಟು ಹೊಲಿದು ಮುಗಿಯುತ್ತದೆ, ಒಂದೇ ಒಗೆತಕ್ಕೆ ಹೊಟ್ಟೆ ಕಾಣುವಷ್ಟು ಗಿಡ್ಡವಾಗುತ್ತದೆ. ನೋಡಿದವರು ನಗುತ್ತಾರೆ, ನಕ್ಕು ತಾವೇ ಚಿತ್ರವನ್ನು ಡೈಯಿಂಗಿನಾಚೆಗೆ ಸರಿಸುತ್ತಾರೆ. ಆ ನಗು ಬಂದರೆ ಪಾಠ ತಲೆಗೆ ಹತ್ತಿತು ಎಂದೇ ನನ್ನ ಲೆಕ್ಕ.

ಇನ್ನು ಎಳೆಯುವ ಬೆರಳಿನ ಮಾತು. ಗುರಿ ದೂರವಿದ್ದಷ್ಟೂ, ಚಿಕ್ಕದಾದಷ್ಟೂ ಕೈ ಅಲ್ಲಿಗೆ ತಲುಪಲು ಹೆಚ್ಚು ಹೊತ್ತು ಬೇಕೆಂದು 1954ರಲ್ಲಿ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ ತೋರಿಸಿಕೊಟ್ಟರು. ಮೊಬೈಲಿನಲ್ಲಿ ದೂರ ಕಡಿಮೆ, ಆದರೆ ಹೆಬ್ಬೆರಳು ಚಿತ್ರವನ್ನೇ ಮುಚ್ಚಿಬಿಡುತ್ತದೆ. ಹಾಗಾಗಿ ಹಿಡಿದ ಕೂಡಲೇ ಚಿತ್ರ ಬೆರಳಿಗಿಂತ ತುಸು ಮೇಲಕ್ಕೆ ಏಳಬೇಕು. ಬಿಡುವ ಜಾಗ ಕಣ್ಣಿಗೆ ಕಾಣುವುದಕ್ಕಿಂತ ದೊಡ್ಡದಿರಬೇಕು, ಹತ್ತಿರ ಬಂದ ಚಿತ್ರವನ್ನು ತಾನೇ ಒಳಗೆ ಸೆಳೆದುಕೊಳ್ಳಬೇಕು. ದೂರದಲ್ಲೇ ಬಿಟ್ಟರೆ ಚಿತ್ರ ಮೊದಲಿದ್ದಲ್ಲಿಗೆ ಹಿಂದಿರುಗಲಿ, ಆದರೆ ಅದು ಹೋಗುವ ದಾರಿ ಕಣ್ಣಿಗೆ ಸಿಗುವಷ್ಟು ನಿಧಾನವಾಗಿ. ಎಳೆಯುವುದೇ ಅನಿವಾರ್ಯವಾದ ಕಡೆ ಬಿಟ್ಟರೆ, ಎಳೆದು ಮಾಡುವುದನ್ನೆಲ್ಲ ಎಳೆಯದೆಯೂ ಮಾಡಲು ಬರಬೇಕೆಂದು, ಅಂಗವೈಕಲ್ಯವಿದ್ದವರಿಗೂ ವೆಬ್ ಎಟುಕಲೆಂದು ಮಾಡಿದ ಮಾರ್ಗಸೂಚಿಯ 2023ರ ಆವೃತ್ತಿ ಹೇಳುತ್ತದೆ. ಚಿತ್ರವನ್ನೊಮ್ಮೆ, ಜಾಗವನ್ನೊಮ್ಮೆ ಮುಟ್ಟಿದರೂ ಸಾಕು ಎಂದು ನಾನು ಇಡುವುದು ಕೈ ನಡುಗುವವರಿಗಾಗಿ.

ಪದವೊಂದನ್ನು ಎಳೆದು ಅದರ ಅರ್ಥದ ಮೇಲೆ ಹಾಕಿಸುವ ಪಾಠಗಳು ನನಗೆ ಸೇರುವುದಿಲ್ಲ. ಅಲ್ಲಿ ಬೆರಳಿಗೆ ಬರೀ ದಂಡದ ಓಡಾಟ. ಕೈ ನಿಜವಾಗಿ ಮಾಡುವ ಕೆಲಸವಿದ್ದರೆ ಮಾತ್ರ ಎಳೆಸಬೇಕು.

ನಮ್ಮದು ಕೊಯಮತ್ತೂರಿನ ದೇವಾಂಗರ ಮನೆ. ಒಳಗೆ ಕನ್ನಡ, ಬೀದಿಗಿಳಿದರೆ ತಮಿಳು. ಸಿರುಮುಗೈಯಲ್ಲಿ ರೇಷ್ಮೆ ನೇಯುವ ಚಿಕ್ಕಪ್ಪನಿದ್ದಾರೆ. ಮನೆಯ ಮಕ್ಕಳಿಗೆಂದು ಈಗ ಮಗ್ಗದ ಪಾಠವೊಂದನ್ನು ಕಟ್ಟುತ್ತಿದ್ದೇನೆ. ಲಾಳಿಯನ್ನು ಆ ಕಡೆಯಿಂದ ಈ ಕಡೆಗೆ ಎಳೆಸಲೇ ಎಂದು ಚಿಕ್ಕಪ್ಪನನ್ನು ಕೇಳಿದೆ. "ಲಾಳಿನ ಯಾರಾದ್ರೂ ಎಳೀತಾರೇನಪ್ಪ? ಹಗ್ಗ ಜಗ್ಗಿದ್ರೆ ತಾನೇ ಓಡುತ್ತೆ" ಎಂದರು. ಆದ್ದರಿಂದ ಪರದೆಯ ಮೇಲೆ ಕೈಗೆ ಸಿಗುವುದು ಹಗ್ಗ ಮಾತ್ರ. ಮೊದಲು ಕಾಲಡಿಯ ಹಲಗೆ ಒತ್ತದಿದ್ದರೆ ಹಾಸಿನ ಎಳೆಗಳು ಬಿಡಿಸಿಕೊಳ್ಳುವುದಿಲ್ಲ, ಎಷ್ಟು ಜಗ್ಗಿದರೂ ಲಾಳಿಗೆ ದಾರಿ ಸಿಗುವುದಿಲ್ಲ.