ಸೈನೈಡ್ ಗುಡ್ಡ ಮಂಗಳ ಗ್ರಹದಂತಿದೆಯೇ?

ವಿಜ್ಞಾನ ಬೋಧನೆಯಲ್ಲಿ ನಾವು ಪ್ರಶಿಕ್ಷಣಾರ್ಥಿಗಳು ಹೆಚ್ಚು ಬಳಸುವ ಸಾಧನ ಹೋಲಿಕೆ. ಹೃದಯ ಪಂಪಿನಂತೆ, ಕಣ್ಣು ಕ್ಯಾಮೆರಾದಂತೆ ಎನ್ನುತ್ತೇವೆ. ಆ ಹೋಲಿಕೆ ಎಲ್ಲಿಯವರೆಗೆ ಸರಿ ಎಂದು ಹೇಳುವುದು ಮಾತ್ರ ಕಡಿಮೆ. ಬಂಗಾರಪೇಟೆಯ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸ ಮಾಡುವಾಗ ಒಂಬತ್ತನೇ ತರಗತಿಯ ಮಕ್ಕಳು ಇದನ್ನು ನನ್ನ ಗಮನಕ್ಕೆ ತಂದರು.

ಮಣ್ಣೆಂದರೆ ಬರೀ ಪುಡಿಯಾದ ಕಲ್ಲಲ್ಲ, ಅದರಲ್ಲಿ ಹ್ಯೂಮಸ್, ನೀರು, ಗಾಳಿ, ಜೀವಿಗಳೆಲ್ಲ ಸೇರಿವೆ ಎಂದು ವಿವರಿಸಿ ಮಂಗಳದ ನೆಲದ ಚಿತ್ರ ತೋರಿಸಿದೆ. ಕೆ.ಜಿ.ಎಫ್. ಕಡೆಯಿಂದ ರೈಲಿನಲ್ಲಿ ಬರುವ ಹುಡುಗನೊಬ್ಬ, “ಮಿಸ್, ನಮ್ಮ ಸೈನೈಡ್ ಗುಡ್ಡ ಥರಾನೇ ಇದೆ. ಅಲ್ಲೂ ಏನೂ ಬೆಳೆಯಲ್ಲ” ಎಂದ. ಮಾತಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಮಾರಿಕುಪ್ಪಂ ರೈಲಿನ ಕಿಟಕಿಯಿಂದ ಆ ದಿಬ್ಬಗಳನ್ನು ನೋಡಿದವರಿಗೆ ಹಾಗನ್ನಿಸುವುದು ಸಹಜ. ಮಾರ್ಗದರ್ಶಕ ಶಿಕ್ಷಕರ ಒಪ್ಪಿಗೆ ಪಡೆದು ಮುಂದಿನ ಅವಧಿಯನ್ನು ಈ ಮಾತಿಗೇ ಮೀಸಲಿಟ್ಟೆ.

ವಿಜ್ಞಾನಿಗಳೂ ಆ ಹುಡುಗನಂತೆಯೇ ಹೋಲಿಸುತ್ತಾರೆ ಎಂದು ಆರಂಭಿಸಿದೆ. ಚಂದ್ರಯಾನದ ಲ್ಯಾಂಡರ್, ರೋವರ್‌ಗಳನ್ನು ಪರೀಕ್ಷಿಸಲು ಇಸ್ರೋ ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿಯ ಅನಾರ್ಥೊಸೈಟ್ ಶಿಲೆಯನ್ನು ಪುಡಿ ಮಾಡಿಸಿ ಬೆಂಗಳೂರಿಗೆ ತರಿಸಿತು. ಚಂದ್ರನ ಎತ್ತರದ ಪ್ರದೇಶಗಳಲ್ಲಿರುವುದು ಇದೇ ಬಗೆಯ ಶಿಲೆ. ಚಕ್ರ ಹೂತುಹೋಗುತ್ತದೆಯೇ ಎಂಬ ಪ್ರಶ್ನೆಗೆ ಈ ಪುಡಿ ನೆರವಾಗುತ್ತದೆ. ಆದರೆ ಚಂದ್ರನ ಗುರುತ್ವ ಭೂಮಿಯದರ ಆರನೇ ಒಂದು ಭಾಗ. ಅದನ್ನು ಯಾವ ಪುಡಿಯೂ ಕೊಡಲಾರದು.

ಎರಡನೆಯ ಉದಾಹರಣೆ ಚಿಲಿ ದೇಶದ ಅಟಕಾಮಾ ಮರುಭೂಮಿ. 1976ರಲ್ಲಿ ಮಂಗಳಕ್ಕಿಳಿದ ವೈಕಿಂಗ್ ನೌಕೆಗಳು ಅಲ್ಲಿನ ಮಣ್ಣನ್ನು ಕಾಯಿಸಿ ಇಂಗಾಲದ ಸಂಯುಕ್ತಗಳನ್ನು ಹುಡುಕಿದವು. ಸಿಕ್ಕಿದ್ದು ಕ್ಲೋರಿನ್ ಸೇರಿದ ಒಂದೆರಡು ಸರಳ ಸಂಯುಕ್ತ ಮಾತ್ರ. ಅವು ಭೂಮಿಯಿಂದಲೇ ಉಪಕರಣದೊಂದಿಗೆ ಹೋದ ಕೊಳೆ ಎಂದುಕೊಂಡರು. 2008ರಲ್ಲಿ ಫೀನಿಕ್ಸ್ ನೌಕೆ ಮಂಗಳದ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ಲವಣವನ್ನು ಕಂಡಿತು. ಮೆಕ್ಸಿಕೊದ ರಾಫೆಲ್ ನವಾರೊ-ಗೊನ್ಸಾಲೆಸ್ ಮತ್ತು ಸಂಗಡಿಗರು ಅಟಕಾಮಾದ ಮಣ್ಣಿಗೆ ಅದೇ ಲವಣ ಬೆರೆಸಿ ಕಾಯಿಸಿದರು. ಮಣ್ಣಿನಲ್ಲಿದ್ದ ಇಂಗಾಲದ ಸಂಯುಕ್ತಗಳು ಬಹುತೇಕ ಸುಟ್ಟುಹೋಗಿ, ವೈಕಿಂಗ್ ಕಂಡಂಥ ಕ್ಲೋರಿನ್ ಸಂಯುಕ್ತಗಳೇ ಹೊರಬಂದವು. 2010ರಲ್ಲಿ ಇದು ಪ್ರಕಟವಾಯಿತು. ಮಂಗಳದಲ್ಲಿ ಜೀವವಿದೆ ಎಂದು ಇದರಿಂದ ಸಿದ್ಧವಾಗುವುದಿಲ್ಲ. ಹುಡುಕಿದ ವಿಧಾನವೇ ಹುಡುಕಿದ್ದನ್ನು ಸುಟ್ಟಿರಬಹುದು ಎಂದಷ್ಟೇ ತಿಳಿಯುತ್ತದೆ.

ಬಳಿಕ ಕಪ್ಪುಹಲಗೆಯಲ್ಲಿ “ಹೋಲುವುದು”, “ಹೋಲದಿರುವುದು” ಎಂದು ಎರಡು ಕಾಲಂ ಎಳೆದು, ಇಬ್ಬಿಬ್ಬರಾಗಿ ಕೂತು ಸೈನೈಡ್ ಗುಡ್ಡವನ್ನು ಮಂಗಳದೊಂದಿಗೆ ಹೋಲಿಸಲು ಹೇಳಿದೆ. ನುಣುಪು ಪುಡಿ, ಗಾಳಿಗೆ ಏಳುವ ಧೂಳು, ಹಸಿರಿನ ಕೊರತೆ ಮೊದಲ ಕಾಲಂನಲ್ಲಿ ಬೇಗ ತುಂಬಿದವು. ಎರಡನೆಯದಕ್ಕೆ ನಾನು ಪ್ರಶ್ನೆ ಕೇಳಬೇಕಾಯಿತು. ಅಟಕಾಮಾದ ಒಳನಾಡಿನಲ್ಲಿ ವರ್ಷಕ್ಕೆ ಕೆಲವೇ ಮಿ.ಮೀ. ಮಳೆ, ನಮ್ಮ ಕೋಲಾರ ಜಿಲ್ಲೆಯಲ್ಲಿ 700 ಮಿ.ಮೀ. ಆಸುಪಾಸು. ಹಾಗಾದರೆ ಗುಡ್ಡ ಬೋಳಾಗಿರಲು ಕಾರಣವೇನು? ಗಣಿಯಿಂದ ತಂದ ಬಂಡೆಯನ್ನು ನುಣ್ಣಗೆ ಅರೆದು, ಸೈನೈಡ್ ದ್ರಾವಣದಿಂದ ಚಿನ್ನ ತೆಗೆದು, ಉಳಿದದ್ದನ್ನು ಸುರಿದ ರಾಶಿ ಅದು ಎಂದು ಗಣಿ ಕಾರ್ಮಿಕರ ಮೊಮ್ಮಗಳೊಬ್ಬಳು ಹೇಳಿದಳು. ಅಲ್ಲಿ ಕಲ್ಲಿನ ಪುಡಿ ಇದೆ, ಹ್ಯೂಮಸ್ ಇಲ್ಲ. ಅದು ಮಳೆಯಿಲ್ಲದೆ ಆದ ಮರುಭೂಮಿಯಲ್ಲ, ಮನುಷ್ಯರು ಮಾಡಿದ ಬೋಳು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಅದು ಅಲ್ಲೇ ಉಳಿಯಿತು.

ಇಲ್ಲಿ ಹೋಲಿಕೆಯ ಮಿತಿ ಹೇಳುವುದು ಬರೀ ತರ್ಕದ ವಿಷಯವಲ್ಲ. ಗುಡ್ಡ ಮಂಗಳವೇ ಎಂದು ಒಪ್ಪಿಬಿಟ್ಟರೆ ಅದು ಹಾಗಿರುವುದೇ ಪ್ರಕೃತಿ ನಿಯಮ ಎಂದು ಮಕ್ಕಳು ತಿಳಿಯುತ್ತಾರೆ. ಆಷಾಢದ ಗಾಳಿಗೆ ಅಜ್ಜಿ ನೀರಿನ ಕೊಡಕ್ಕೆ ಬಟ್ಟೆ ಕಟ್ಟುತ್ತಾಳೆ ಎಂದು ಮೊದಲು ಮಾತೆತ್ತಿದ ಹುಡುಗನೇ ಹೇಳಿದ. ಕಲ್ಲಿನ ಧೂಳು ಗಣಿ ಕಾರ್ಮಿಕರಿಗೆ ಸಿಲಿಕೋಸಿಸ್ ತಂದಿತ್ತೆಂಬುದು ಆ ಊರಿಗೆ ಹೊಸ ಸುದ್ದಿಯಲ್ಲ. ಆದ್ದರಿಂದ ಗುಡ್ಡದ ಮಣ್ಣನ್ನು ಬೋಧನೋಪಕರಣವಾಗಿ ತರಲಿಲ್ಲ, ಮಕ್ಕಳೂ ತರಬಾರದೆಂದು ಹೇಳಿದೆ. ಹೊಲದ ಕೆಂಪು ಮಣ್ಣು, ಕೆರೆಯ ಗೋಡು, ಕಟ್ಟಡದ ಎಂ-ಸ್ಯಾಂಡ್ ಇವನ್ನು ಒದ್ದೆ ಮಾಡಿ ಮುಟ್ಟಿ ನೋಡಿದರೆ ಪಾಠಕ್ಕೆ ಸಾಕಾಯಿತು.

ಅವಧಿಯ ಕೊನೆಗೆ ಒಂದು ಜೋಡಿಯ ಹಾಳೆಯಲ್ಲಿ ಎರಡನೇ ಕಾಲಂನ ಕಡೇ ಸಾಲು ಹೀಗಿತ್ತು: “ಮಂಗಳದಲ್ಲಿ ಪಕ್ಕದಲ್ಲಿ ಮನೆಗಳಿಲ್ಲ.”

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ. ಪಾಠಯೋಜನೆಯಲ್ಲಿ ಹೋಲಿಕೆ ಬರೆದ ಕಡೆಯಲ್ಲೆಲ್ಲ ಅದರ ಪಕ್ಕ ಈ ಎರಡು ಕಾಲಂಗಳಿರಲಿ, ಎರಡನೆಯದನ್ನು ಮಕ್ಕಳೇ ತುಂಬಲಿ. ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಸಾಕು: ಈ ಹೋಲಿಕೆ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ?